ಮೈಕ್ ಸಿಗದ ಪೂಜಾರಿ

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನಾನು ಓದಿದ್ದು ಇಂಜಿನಿಯರಿಂಗ್, ಲೆಕ್ಕ ಕಂಡರೆ ಕೈ ಸುಮ್ಮನಿರಲ್ಲ.

72 ಸಾವಿರ ರೂಪಾಯಿ. 2025ರ ಮಾರ್ಚ್ ತಿಂಗಳ ರಾಜ್ಯ ಬಜೆಟ್‌ನಲ್ಲಿ ಮುಜರಾಯಿ ಇಲಾಖೆಯ 'ಸಿ' ದರ್ಜೆ ದೇವಸ್ಥಾನಗಳಿಗೆ ಕೊಡುವ ತಸ್ತೀಕನ್ನು 60 ಸಾವಿರದಿಂದ ಇಷ್ಟಕ್ಕೆ ಏರಿಸಿದರು. ಇದು ತಿಂಗಳಿಗಲ್ಲ, ವರ್ಷಕ್ಕೆ. ಹನ್ನೆರಡರಿಂದ ಭಾಗಿಸಿ: ತಿಂಗಳಿಗೆ 6 ಸಾವಿರ. ಮೂವತ್ತರಿಂದ ಭಾಗಿಸಿ: ದಿನಕ್ಕೆ 200 ರೂಪಾಯಿ. ದೀಪಕ್ಕೆ ಎಣ್ಣೆ, ಕರ್ಪೂರ, ಊದಿನಕಡ್ಡಿ, ಹೂವು, ನೈವೇದ್ಯ ಎಲ್ಲಾ ಇದರಲ್ಲೇ. ಉಳಿದರೆ ಪೂಜಾರಿ ಮನೆಯ ಗ್ಯಾಸ್ ಸಿಲಿಂಡರ್. ವರ್ಷಕ್ಕೆ 5 ಲಕ್ಷದೊಳಗೆ ಆದಾಯ ಇರುವ ಗುಡಿ 'ಸಿ' ದರ್ಜೆಗೆ ಬರುತ್ತೆ. ರಾಜ್ಯದ ಸುಮಾರು 34 ಸಾವಿರ ಮುಜರಾಯಿ ಗುಡಿಗಳಲ್ಲಿ ಕೆಲವು ನೂರನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಇದೇ ದರ್ಜೆ. ಇನ್ನು ಮುಜರಾಯಿ ಪಟ್ಟಿಯಲ್ಲೇ ಇಲ್ಲದ ಗುಡಿಗಳಿವೆ. ಊರ ಲಕ್ಷ್ಮವ್ವ, ಹೊಲದಂಚಿನ ಬೀರಪ್ಪ, ಅಗಸಿ ಬಾಗಿಲ ಹನುಮಪ್ಪ. ಅಲ್ಲಿನ ಪೂಜಾರಿಗೆ ಈ 200 ರೂಪಾಯಿಯೂ ಇಲ್ಲ. ಸುಗ್ಗಿಯಲ್ಲಿ ರೈತ ಕೊಟ್ಟ ಕಾಳು, ತಟ್ಟೆಗೆ ಬಿದ್ದ ಚಿಲ್ಲರೆ, ಅಷ್ಟೇ.

ಇಂಥ ಮನುಷ್ಯನ ಬಗ್ಗೆ ಪ್ರೈಮ್ ಟೈಮ್‌ನಲ್ಲಿ ಯಾಕೆ ಮಾತಾಡ್ಬೇಕು ಅಂತ ನೀವು ಕೇಳಬಹುದು. ಯಾಕಂದ್ರೆ ಧರ್ಮದ ಹೆಸರಲ್ಲಿ ಎಲ್ಲೇ ಗಲಾಟೆ ಆಗಲಿ, ನಮ್ಮ ಚಾನಲ್‌ಗಳ ಪರದೆ ಮೇಲೆ ಆರು ಕಿಟಕಿ ತೆರೆಯುತ್ತೆ. ಒಂದರಲ್ಲಿ ಒಬ್ಬ ಸ್ವಾಮೀಜಿ, ಒಂದರಲ್ಲಿ ಒಬ್ಬ ಮೌಲಾನಾ, ಎರಡರಲ್ಲಿ ಪಕ್ಷದ ವಕ್ತಾರರು, ಒಬ್ಬರು ವಕೀಲರು, ಕೊನೆಗೆ ನಾವು. ಇವರ ಪೈಕಿ ಗಲಾಟೆಯಾದ ಊರಿನವರು ಸಾಮಾನ್ಯವಾಗಿ ಯಾರೂ ಇರಲ್ಲ. ಮಾರನೇ ದಿನ ಅದೇ ಊರಲ್ಲಿ, ಅದೇ ಬೀದಿಯಲ್ಲಿ ಎದ್ದು ಗಂಟೆ ಬಾರಿಸಬೇಕಾದ ಪೂಜಾರಿಯನ್ನೂ, ಬಾಂಗ್ ಕೂಗಬೇಕಾದ ಮುಲ್ಲಾನನ್ನೂ ಯಾರೂ ಫೋನ್ ಮಾಡಿ ಕೇಳಲ್ಲ. ಅವರಿಬ್ಬರೂ ಸಿಟ್ಟಿನಿಂದ ಮಾತಾಡಲ್ಲ ಅನ್ನೋದೇ ಅವರ ಅನರ್ಹತೆ ಇರಬಹುದು. ಟಿಆರ್‌ಪಿ ಬರಲ್ಲ ನೋಡಿ.

ಇವತ್ತು ನಾನು ನಿಮ್ಮನ್ನು ಕರ್ಕೊಂಡು ಹೋಗ್ತಿರೋದು ಬೆಳಗಾವಿ ಜಿಲ್ಲೆಯ ಮೂರು ತಾಲೂಕಿಗೆ. ಗೋಕಾಕ, ಮೂಡಲಗಿ, ಹುಕ್ಕೇರಿ. ಮೂಡಲಗಿ ಈಚೆಗಷ್ಟೇ ಗೋಕಾಕದಿಂದ ಬೇರೆಯಾದ ಮನೆ. ಈ ಭಾಗ ಅಂದ ಕೂಡಲೇ ಟಿವಿ ನೋಡುವವರಿಗೆ ನೆನಪಾಗೋದು ಎರಡು: ಒಂದು ಕರದಂಟು, ಇನ್ನೊಂದು ಜಾರಕಿಹೊಳಿ ಸಹೋದರರು ಮತ್ತು ಕತ್ತಿ ಕುಟುಂಬದ ರಾಜಕೀಯ. ಸ್ವಲ್ಪ ಹಳಬರಾದರೆ ಗೋಕಾಕ್ ಚಳವಳಿ ಅಂತಾರೆ. ಆ ಹೆಸರು ಬಂದದ್ದು ಊರಿಂದಲ್ಲ, ವರದಿ ಕೊಟ್ಟ ವಿ.ಕೃ. ಗೋಕಾಕರಿಂದ, ಮತ್ತು ಅವರು ಹುಟ್ಟಿದ್ದು ಸವಣೂರಲ್ಲಿ. ಇರಲಿ, ಅದು ಬೇರೆ ವಿಷಯ.

ನಾನು ಹೇಳಬೇಕಾಗಿರೋದು ಇಲ್ಲಿನ ಮಠ, ಗುಡಿ, ದರ್ಗಾಗಳ ಬಗ್ಗೆ. ಗೋಕಾಕ ತಾಲೂಕಿನ ಸಾವಳಗಿಯಲ್ಲಿ ಶಿವಲಿಂಗೇಶ್ವರ ಮಠ ಇದೆ. ಈ ಪೀಠದ ಪರಂಪರೆಯಲ್ಲಿ ಹಸಿರು ಬಣ್ಣಕ್ಕೆ ಜಾಗ ಇದೆ. ಈಗಿನ ಕಾಲದಲ್ಲಿ ಬಣ್ಣ ನೋಡಿಯೇ ಧರ್ಮ ತೀರ್ಮಾನ ಮಾಡುವವರಿಗೆ ಇದು ಸ್ವಲ್ಪ ತಲೆಬಿಸಿ ಮಾಡುವ ವಿಷಯ. ಇಲ್ಲಿನ ಶಿವಲಿಂಗೇಶ್ವರರನ್ನೂ ಕಲಬುರಗಿಯ ಬಂದೇನವಾಜರನ್ನೂ ಒಟ್ಟಿಗೆ ನೆನೆಯುವ ಕಥೆಗಳು ಈ ಸೀಮೆಯಲ್ಲಿವೆ. ಒಬ್ಬರು ಹುಲಿ ಏರಿ ಬಂದರಂತೆ, ಇನ್ನೊಬ್ಬರು ಕೂತ ಗೋಡೆಯನ್ನೇ ನಡೆಸಿಕೊಂಡು ಎದುರುಗೊಂಡರಂತೆ. ಗೋಡೆ ನಡೆಯಿತೋ ಇಲ್ಲವೋ ಅಂತ ಇಂಜಿನಿಯರನ್ನು ಕೇಳಬೇಡಿ. ಈ ಕಥೆಯಲ್ಲಿ ಕೊನೆಗೆ ಯಾರೂ ಸೋಲಲ್ಲ, ನನಗೆ ಮುಖ್ಯ ಅನಿಸೋದು ಅದು. ಇದೇ ಕಥೆ ಉತ್ತರ ಕರ್ನಾಟಕದ ಹತ್ತಾರು ಕಡೆ ಬೇರೆ ಬೇರೆ ಸಂತರ ಹೆಸರಲ್ಲಿ ಇದೆ. ಜನ ಒಂದು ಕಥೆಯನ್ನು ಇಷ್ಟು ಕಡೆ ಹೊತ್ತು ತಿರುಗಿದ್ದಾರೆ ಅಂದ್ರೆ ಅದು ಅವರಿಗೆ ಬೇಕಾಗಿತ್ತು ಅಂತ ಅರ್ಥ.

ಇದೇ ಸಾವಳಗಿ ಮಠದ ಇನ್ನೊಂದು ಸಂಗತಿ ಹೇಳ್ತೀನಿ, ಇದು ದಂತಕಥೆಯಲ್ಲ. ಹುಕ್ಕೇರಿ ತಾಲೂಕಿನ ಘೋಡಗೇರಿ ಅಂತ ಘಟಪ್ರಭೆಯ ದಂಡೆ ಮೇಲಿನ ಊರು. 1937ರಲ್ಲಿ ಅಲ್ಲೊಬ್ಬ ಕಮ್ಮಾರರ ಮನೆ ಹುಡುಗ ಹುಟ್ಟಿದ. ಬಡತನ. ಶಾಲೆ ಬಿಡುವ ಹೊತ್ತು ಬಂತು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಆ ಹುಡುಗನ ಓದಿನ ಖರ್ಚು ಹೊತ್ತರು. ಆ ಹುಡುಗ ಚಂದ್ರಶೇಖರ ಕಂಬಾರ. ಕನ್ನಡಕ್ಕೆ ಎಂಟನೇ ಜ್ಞಾನಪೀಠ ತಂದವರು. ಸ್ವಾಮಿಗಳು ಅವತ್ತು ಯಾವ ವೇದಿಕೆ ಮೇಲೆ ಏನು ಭಾಷಣ ಮಾಡಿದರು ಅಂತ ಇವತ್ತು ಯಾರಿಗೂ ಬೇಕಾಗಿಲ್ಲ, ಒಬ್ಬ ಹುಡುಗನ ಫೀಸು ಕಟ್ಟಿದ್ದು ಮಾತ್ರ ಉಳೀತು.

ಮೂಡಲಗಿಗೆ ಬನ್ನಿ. ಅಲ್ಲಿ ಶಿವಬೋಧರಂಗ ಮಠ. ಹೆಸರನ್ನೇ ಒಮ್ಮೆ ಬಿಡಿಸಿ ನೋಡಿ: ಶಿವನೂ ಇದ್ದಾನೆ, ರಂಗನೂ ಇದ್ದಾನೆ, ನಡುವೆ ಬೋಧೆ ಇದೆ. ಶೈವ–ವೈಷ್ಣವ ಜಗಳ ಎಷ್ಟು ಶತಮಾನ ನಡೀತು ಅಂತ ಗೊತ್ತಿದ್ದವರಿಗೆ ಈ ಹೆಸರು ಒಂದು ಒಪ್ಪಂದ ಪತ್ರದ ಹಾಗೆ ಕಾಣುತ್ತೆ. ಇನ್ನು ಅರಭಾವಿ, ಅಂಕಲಗಿ, ನಿಡಸೋಸಿ, ಹುಕ್ಕೇರಿಯ ಗುರುಶಾಂತೇಶ್ವರ ಹಿರೇಮಠ, ಗೋಕಾಕದ ಶೂನ್ಯ ಸಂಪಾದನ ಮಠ. ಇಪ್ಪತ್ತು ಮೈಲಿಗೊಂದು ಮಠ ಅಂದ್ರೆ ಉತ್ಪ್ರೇಕ್ಷೆಯಲ್ಲ. ಹುಕ್ಕೇರಿ ಹಿರೇಮಠದ ಗುರುಕುಲದಲ್ಲಿ ಪೌರೋಹಿತ್ಯದ ಪಾಠ ನಡೆಯುತ್ತೆ. ಅದೇ ಹುಕ್ಕೇರಿ ಪಟ್ಟಣದಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳು ನಿಂತಿವೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಗುಮ್ಮಟ, ಮಠ, ಕಬ್ಬಿನ ಟ್ರ್ಯಾಕ್ಟರ್ ಮೂರೂ ಒಂದೇ ಚೌಕಟ್ಟಿನಲ್ಲಿ ಬರುತ್ತೆ. ಅಂದ ಹಾಗೆ ಈ ತಾಲೂಕಿಗೆ ಕರೆಂಟು ಕೊಡೋದು ಸರ್ಕಾರಿ ಕಂಪನಿ ಅಲ್ಲ, 1969ರಲ್ಲಿ ಹುಟ್ಟಿದ ಸಹಕಾರಿ ಸಂಘ. ರಾಜ್ಯದಲ್ಲಿ ಬೇರೆಲ್ಲೂ ಇಲ್ಲ. ಮೀಟರಿನಲ್ಲಿ ಜಾತಿ–ಧರ್ಮ ಕಾಣಲ್ಲ, ಯೂನಿಟ್ ಮಾತ್ರ.

ಒಂದು ವಿಷಯ ಸ್ಪಷ್ಟ ಮಾಡ್ಕೋಬೇಕು. ನಾವು ಟಿವಿಯವರು ಎಲ್ಲರಿಗೂ 'ಹಿಂದೂ ಧರ್ಮಗುರು' ಅಂತ ಒಂದೇ ಪಟ್ಟಿ ಅಂಟಿಸಿಬಿಡ್ತೀವಿ. ಮಠದ ಸ್ವಾಮೀಜಿ ಬೇರೆ, ಮನೆಗೆ ಬಂದು ಮದುವೆ ಮಾಡಿಸುವ ಪುರೋಹಿತ ಬೇರೆ, ಗುಡಿಯ ಅರ್ಚಕ ಬೇರೆ. ಈ ಭಾಗದಲ್ಲಿ ಶಿವನ ಗುಡಿಗೆ ಜಂಗಮ ಅಯ್ಯನೋ ಗುರವನೋ ಇರ್ತಾನೆ. ಬೀರಪ್ಪನಿಗೆ ಹಾಲುಮತದ ಪೂಜಾರಿ. ಕಟ್ಟಿಗೆಯ ಲಕ್ಷ್ಮೀ ಮೂರ್ತಿ ಬಡಿಗ್ಯಾರ ಕೈಯಿಂದ ಬರುತ್ತೆ, ಹಾಗಾಗಿ ದೇವಿಯ ಮೇಲೆ ಅವರ ಹಕ್ಕು ಬೇರೆ. ಸ್ವಾಮೀಜಿಗಳಲ್ಲೂ ಎಲ್ಲರೂ 'ಹಿಂದೂ' ಅನ್ನೋ ಪಟ್ಟಿ ಒಪ್ಪಲ್ಲ. 2017ರ ಆಗಸ್ಟ್ 22ರಂದು ಬೆಳಗಾವಿಯಲ್ಲೇ ಲಿಂಗಾಯತ ಪ್ರತ್ಯೇಕ ಧರ್ಮಕ್ಕಾಗಿ ದೊಡ್ಡ ಸಮಾವೇಶ ನಡೀತು. ಒಪ್ಪದ ಸ್ವಾಮಿಗಳೂ ಇದ್ದರು, ಇದ್ದಾರೆ. ಆ ವಾದಕ್ಕೆ ನಾನು ಇವತ್ತು ಹೋಗಲ್ಲ. ಆದರೆ ಒಂದು ಸಣ್ಣ ಊರಲ್ಲಿ ಯಾರು ಯಾರ ಮಾತು ಕೇಳ್ತಾರೆ ಅನ್ನೋದು ಈ ವ್ಯತ್ಯಾಸಗಳ ಮೇಲೆ ನಿಂತಿದೆ. ಸ್ವಾಮೀಜಿಯ ಮಾತು ತಾಲೂಕಿಗೆ ಕೇಳುತ್ತೆ. ಪೂಜಾರಿಯ ಮಾತು ಓಣಿಗೆ ಕೇಳುತ್ತೆ. ಗಲಾಟೆ ಶುರುವಾಗೋದು ಓಣಿಯಲ್ಲಿ.

ಈಗ ಪಂಚಾಂಗಕ್ಕೆ ಬರ್ತೀನಿ. ಇದು ನನಗೆ ಬಹಳ ಇಷ್ಟವಾದ ಭಾಗ, ಸ್ವಲ್ಪ ಸಹಿಸಿಕೊಳ್ಳಿ.

2023ರಲ್ಲಿ ಅನಂತ ಚತುರ್ದಶಿ, ಅಂದ್ರೆ ದೊಡ್ಡ ಗಣಪತಿಗಳ ವಿಸರ್ಜನೆ, ಸೆಪ್ಟೆಂಬರ್ 28ಕ್ಕೆ. ಈದ್ ಮಿಲಾದ್ ಕೂಡ ಅವತ್ತೇ. ಬೆಳಗಾವಿಯಲ್ಲಿ ಗಣಪತಿ ವಿಸರ್ಜನೆ ಅಂದ್ರೆ ಗೊತ್ತಲ್ಲ, ಮಧ್ಯಾಹ್ನ ಹೊರಟ ಮೆರವಣಿಗೆ ಮುಗಿಯೋದು ಮಾರನೇ ದಿನ. ಎರಡು ಮೆರವಣಿಗೆ ಒಂದೇ ರಸ್ತೆಗೆ ಬಂದರೆ ಏನಾಗಬಹುದು ಅಂತ ಎಲ್ಲರಿಗೂ ಭಯ. ಆಗ ಬೆಳಗಾವಿಯ ಮುಸ್ಲಿಂ ಮುಖಂಡರು ತಮ್ಮ ಮೆರವಣಿಗೆಯನ್ನು ಅಕ್ಟೋಬರ್ 1ಕ್ಕೆ ಮುಂದೂಡಿದರು. 2024ರಲ್ಲಿ ಮಿಲಾದ್ ಸೆಪ್ಟೆಂಬರ್ 16, ಅನಂತ ಚತುರ್ದಶಿ 17. ಮತ್ತೆ ಮೆರವಣಿಗೆ 22ಕ್ಕೆ ಹೋಯ್ತು. 2025ರಲ್ಲೂ ಹಾಗೇ: ಸೆಪ್ಟೆಂಬರ್ 5 ಮಿಲಾದ್, 6 ಅನಂತ ಚತುರ್ದಶಿ. ಮೂರು ವರ್ಷ ಸತತವಾಗಿ ಬಂದಾಗ ವಾಟ್ಸಾಪ್‌ನಲ್ಲಿ ಕೆಲವರು 'ಬೇಕಂತಲೇ ಇಟ್ಟಿದ್ದಾರೆ' ಅಂತ ಹಾಕಿದರು. ಯಾರು ಇಟ್ಟಿದ್ದು ಸ್ವಾಮಿ? ಚಂದ್ರ ಇಟ್ಟಿದ್ದು!

ನೋಡಿ, ನಮ್ಮ ಪಂಚಾಂಗದ ತಿಂಗಳು ಅಮಾವಾಸ್ಯೆ ಮುಗಿದ ಮೇಲೆ ಶುರು. ಮುಸ್ಲಿಮರ ತಿಂಗಳು ಅಮಾವಾಸ್ಯೆಯ ನಂತರ ಚಂದ್ರ ಕಂಡ ಮೇಲೆ ಶುರು. ಎರಡಕ್ಕೂ ಒಂದೇ ಚಂದ್ರ, ಒಂದೆರಡು ದಿನ ಆಚೀಚೆ. ಹನ್ನೆರಡು ಚಾಂದ್ರ ತಿಂಗಳು ಸೇರಿದರೆ 354 ದಿನ, ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಹಾಗಾಗಿ ಎರಡೂ ಕಡೆಯ ಹಬ್ಬ ವರ್ಷ ವರ್ಷ 11 ದಿನ ಹಿಂದೆ ಸರಿಯುತ್ತೆ. ವ್ಯತ್ಯಾಸ ಒಂದೇ. ಹಬ್ಬ ಋತು ಬಿಟ್ಟು ಹೋಗಬಾರದು ಅಂತ ನಮ್ಮವರು ಸುಮಾರು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸ್ತಾರೆ. ಅವರು ಸೇರಿಸಲ್ಲ. ಅಂದ್ರೆ ಎರಡು ಅಧಿಕ ಮಾಸಗಳ ನಡುವೆ ಎರಡೂ ಕಡೆಯ ತಿಂಗಳುಗಳು ಕೈಹಿಡಿದುಕೊಂಡು ನಡೆಯುತ್ತವೆ. 2018, 19, 20ರಲ್ಲಿ ಭಾದ್ರಪದದ ಜೊತೆ ಮೊಹರಂ ತಿಂಗಳು ನಡೀತು. ನೆನಪಿಸಿಕೊಳ್ಳಿ, ಗಣಪತಿ ಕೂತಿದ್ದಾಗಲೇ ಡೋಲಿ ಎದ್ದಿತ್ತು. 2021, 22ರಲ್ಲಿ ಸಫರ್ ತಿಂಗಳು, ದೊಡ್ಡ ಮೆರವಣಿಗೆ ಇಲ್ಲ. 2023ರಲ್ಲಿ ಅಧಿಕ ಶ್ರಾವಣ ಬಂತು, ಭಾದ್ರಪದಕ್ಕೆ ಮಿಲಾದ್ ತಿಂಗಳು ಜೊತೆಯಾಯ್ತು. ನಾವು ಚೌತಿಗೆ ಕೂರಿಸಿ ಚತುರ್ದಶಿಗೆ ಕಳಿಸ್ತೀವಿ. ಅವರ ಮಿಲಾದ್ ಹನ್ನೆರಡನೇ ತಾರೀಖು. ನಾಲ್ಕಕ್ಕೂ ಹದಿನಾಲ್ಕಕ್ಕೂ ನಡುವೆ ಹನ್ನೆರಡು ಬರಲೇಬೇಕಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ ಇದೆ, ಜೋಡಿ ಬದಲಾಗುತ್ತೆ. ಗಣಪತಿ ಸೆಪ್ಟೆಂಬರ್ 14ಕ್ಕೆ ಹೋಗ್ತಾನೆ, ಮಿಲಾದ್ ಆಗಸ್ಟ್ ಕೊನೆಗೇ ಮುಗಿದಿರುತ್ತೆ. ಗಣಪತಿ ಜೊತೆಗೆ ಬರೋದು ಆಮೇಲೆ ಗ್ಯಾರವಿ.

2025ರ ಇನ್ನೊಂದು ದಿನ: ಜುಲೈ 6. ಅವತ್ತು ಮೊಹರಂ ಕಡೇ ದಿನ. ಅವತ್ತೇ ಆಷಾಢ ಏಕಾದಶಿ. ಬೆಳಗಾವಿ ಜಿಲ್ಲೆಯಿಂದ ಪಂಢರಪುರಕ್ಕೆ ದಿಂಡಿ ಹೋದವರು ಅಲ್ಲಿ ವಿಠ್ಠಲನ ಮುಂದೆ ನಿಂತಿದ್ದ ಹೊತ್ತಿಗೆ ಇಲ್ಲಿ ಊರಲ್ಲಿ ಪಂಜಾ ಹೊಳೆಗೆ ಹೊರಟಿತ್ತು. ಉಪವಾಸ ಎರಡೂ ಕಡೆ!

ಇಷ್ಟೆಲ್ಲ ಲೆಕ್ಕವನ್ನು ನಾನು ಕಂಪ್ಯೂಟರ್ ಮುಂದೆ ಕೂತು ಮಾಡಿದೆ. ಆದರೆ ಊರ ಪುರೋಹಿತರಿಗೆ ಇದು ಬೆರಳ ತುದಿಯಲ್ಲಿ ಗೊತ್ತಿರುತ್ತೆ. ಮಸೀದಿಯ ಮೌಲ್ವಿಗೂ ಗೊತ್ತಿರುತ್ತೆ. ಒಂದು ವರ್ಷ ಮುಂಚೆಯೇ ಈ ಇಬ್ಬರೂ ಕೂತರೆ ಯಾವ ದಿನ ಯಾವ ರಸ್ತೆ ಅಂತ ಐದು ನಿಮಿಷದಲ್ಲಿ ಮುಗಿಯುವ ಕೆಲಸ. ನಾವೇನು ಮಾಡ್ತೀವಿ? ಹಬ್ಬಕ್ಕೆ ಮೂರು ದಿನ ಇರುವಾಗ ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ ಕರೀತೀವಿ. ಆ ಸಭೆಯ ಫೋಟೋ ನೋಡಿದ್ದೀರಾ? ಮುಂದಿನ ಸಾಲಿನಲ್ಲಿ ಪುರಸಭೆ ಸದಸ್ಯರು, ಮಾಜಿ ಸದಸ್ಯರು, ಗಣೇಶ ಮಂಡಳಿಯ ಅಧ್ಯಕ್ಷರು, ಡಿಜೆ ಬಾಡಿಗೆಗೆ ಕೊಡುವವರು, ಸಂಘಟನೆಗಳ ಪದಾಧಿಕಾರಿಗಳು. ಪೂಜಾರಿ? ಅವನು ಆ ಹೊತ್ತಿಗೆ ಗುಡಿಯಲ್ಲಿ ಸಂಜೆ ದೀಪ ಹಚ್ಚುತ್ತಿರ್ತಾನೆ.

ಇದೇ ಜಿಲ್ಲೆಯ ಸವದತ್ತಿ ತಾಲೂಕಿನಲ್ಲಿ ಹಿರೇಬಿದನೂರ ಅಂತ ಊರಿದೆ. 2022ರ ಮೊಹರಂ ಹೊತ್ತಿಗೆ ಈ ಊರಿನ ಸುದ್ದಿ ದೇಶದ ತುಂಬ ಓಡಾಡಿತು. ಊರಲ್ಲಿ ಒಂದೂ ಮುಸ್ಲಿಂ ಮನೆ ಇಲ್ಲ. ಹೆಚ್ಚಿನವರು ಕುರುಬರು, ವಾಲ್ಮೀಕಿಗಳು. ಆದರೆ ಮಸೀದಿ ಇದೆ, ಫಕೀರೇಶ್ವರ ಸ್ವಾಮಿ ಅಂತ ಅದಕ್ಕೆ ಹೆಸರು. ಹಿಂದೊಮ್ಮೆ ಇಬ್ಬರು ಮುಸ್ಲಿಂ ಅಣ್ಣತಮ್ಮಂದಿರು ಕಟ್ಟಿಸಿದ್ದು ಅಂತಾರೆ. ಅವರು ತೀರಿಕೊಂಡ ಮೇಲೆ ಊರವರು ಅದನ್ನು ಬೀಳಲು ಬಿಡಲಿಲ್ಲ. ದಿನವೂ ಅಲ್ಲಿ ಪೂಜೆ ಮಾಡೋದು ಹಿಂದೂ ಪೂಜಾರಿ. ಮೊಹರಂ ಬಂದರೆ ಐದು ದಿನ ಊರಿಗೆ ಊರೇ ಬೆಳಕು, ಕರ್ಬಲಾ ಕುಣಿತ, ಪಂಜಿನ ಮೆರವಣಿಗೆ. ಅಕ್ಕಪಕ್ಕದ ಊರಿನ ಮೌಲ್ವಿ ಬಂದು ಆ ದಿನಗಳ ವಿಧಿ ನಡೆಸಿಕೊಡ್ತಾರೆ. ಅವರು ಹೋದ ಮೇಲೆ ಮತ್ತೆ ನಮ್ಮ ಪೂಜಾರಿ. ಮಸೀದಿ ರಿಪೇರಿಗೆ ಶಾಸಕರು 8 ಲಕ್ಷ ಮಂಜೂರು ಮಾಡಿದ್ದಾರೆ ಅಂತ ಆಗ ವರದಿಯಾಗಿತ್ತು.

ಈ ಸುದ್ದಿಯನ್ನು ಚಾನಲ್‌ಗಳು ಹೇಗೆ ತೋರಿಸಿದವು ಗೊತ್ತಾ? 'ಅಚ್ಚರಿ!' ಅಂತ. ಆಕಳು ಎರಡು ತಲೆ ಕರು ಹಾಕಿದಾಗ ಹಾಕ್ತೀವಲ್ಲ, ಅದೇ ಗ್ರಾಫಿಕ್ಸು. ಉತ್ತರ ಕರ್ನಾಟಕದಲ್ಲಿ ಬೆಳೆದ ಯಾರಿಗೆ ಇದು ಅಚ್ಚರಿ? ಮೊಹರಂನಲ್ಲಿ ಹರಕೆ ಹೊತ್ತು ಫಕೀರ ಆಗುವ ಲಿಂಗಾಯತರ ಹುಡುಗರು, ಕೊರಳಿಗೆ ಲಾಡಿ ಕಟ್ಟಿಸಿಕೊಳ್ಳುವ ಕುರುಬರ ಹೆಂಗಸರು, ಚೋಂಗೆ ಮಾಡುವ ಮನೆಗಳು, ರಿವಾಯತ್ ಪದ ಹಾಡುವ ಎರಡು ಮೇಳ, ಅದರಲ್ಲಿ ಹಾಡುವವರ ಜಾತಿ ಕೇಳಿದರೆ ಪಟ್ಟಿ ಮಾಡೋಕೆ ಸಂಜೆ ಆಗುತ್ತೆ. ಇದು ಸಾವಿರಾರು ಊರಿನ ದಿನನಿತ್ಯ. ದಿನನಿತ್ಯದ್ದನ್ನು ಪವಾಡ ಅಂತ ತೋರಿಸಿದರೆ ಒಂದು ಅಪಾಯ ಇದೆ: ಜಗಳವೇ ಸಹಜ, ಕೂಡಿ ಬಾಳೋದು ವಿಚಿತ್ರ ಅಂತ ನೋಡುವವರ ತಲೆಯಲ್ಲಿ ಕೂತುಬಿಡುತ್ತೆ.

ಹಳೆಯ ಊರಿನ ವ್ಯವಸ್ಥೆ ಇನ್ನೂ ಸ್ವಾರಸ್ಯ. ಆಯಗಾರರ ಪಟ್ಟಿಯಲ್ಲಿ ಬಡಿಗೇರ, ಕಮ್ಮಾರ, ಕುಂಬಾರ, ಅಗಸ, ಗುರವ, ಇವರ ಜೊತೆಗೇ ಮುಲ್ಲಾ ಇದ್ದ. ಅವನಿಗೂ ಸುಗ್ಗಿಯಲ್ಲಿ ಕಣದಿಂದ ಕಾಳು. ಮುಂಬೈ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳ ಮನೆಯ ಹರಕೆ ಕುರಿಯನ್ನೂ ಮುಲ್ಲಾನೇ ಕೊಯ್ಯುವ ರೂಢಿ ಇತ್ತು. ಬೇಕಾದರೆ ನಿಮ್ಮ ಅಜ್ಜನನ್ನು ಕೇಳಿ. 2022ರ ಯುಗಾದಿ ಹೊಸ್ತೊಡಕಿಗೆ ಹಲಾಲ್ ಬಹಿಷ್ಕಾರ ಅಂತ ಕೂಗು ಎದ್ದಾಗ ನಾವು ಅದನ್ನು 'ನಮ್ಮ ಸಂಪ್ರದಾಯದ ರಕ್ಷಣೆ' ಅಂತ ಚರ್ಚೆ ಮಾಡಿದ್ವಿ. ಸಂಪ್ರದಾಯ ಏನಿತ್ತು ಅಂತ ಮಾತ್ರ ಯಾರೂ ಹಳ್ಳಿಗೆ ಹೋಗಿ ಕೇಳಲಿಲ್ಲ. ಅದೇ ಏಪ್ರಿಲ್ 9ರಂದು ಧಾರವಾಡದ ನುಗ್ಗೀಕೇರಿ ಹನುಮಪ್ಪನ ಗುಡಿ ಎದುರು ಒಬ್ಬ ಮುಸ್ಲಿಂ ವ್ಯಾಪಾರಿಯ ಕಲ್ಲಂಗಡಿ ಹಣ್ಣುಗಳನ್ನು ರಸ್ತೆಗೆ ಎಸೆದು ಒಡೆದರು. ಒಡೆದವರು ಸಂಘಟನೆಯ ಕಾರ್ಯಕರ್ತರು. ಅವನು ಹೊಸದಾಗಿ ಬಂದು ಕೂತವನಲ್ಲ, ವರ್ಷಗಟ್ಟಲೆ ಅದೇ ಹನುಮಪ್ಪನ ಭಕ್ತರಿಗೆ ಹಣ್ಣು ಮಾರಿದವನು. ಗುಡಿ ಯಾರದು ಅನ್ನೋ ಪ್ರಶ್ನೆಗೆ ಗುಡಿಯೊಳಗಿದ್ದವರನ್ನು ಕೇಳದೆ ಹೊರಗಿನವರು ಉತ್ತರ ಕೊಟ್ಟರೆ ಹೀಗಾಗುತ್ತೆ.

ಹಾಗಂತ ಪೂಜಾರಿಯನ್ನು ನಾನು ಹೂವಿನ ಪಲ್ಲಕ್ಕಿಯಲ್ಲಿ ಕೂರಿಸ್ತಿಲ್ಲ. ಅಷ್ಟು ಮುಗ್ಧತನ ಬೇಡ. ಇದೇ ಗೋಕಾಕ, ಹುಕ್ಕೇರಿ ಭಾಗದಲ್ಲಿ ಬಡವರ ಮನೆ ಹೆಣ್ಣುಮಕ್ಕಳಿಗೆ ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿದವರು ಯಾರು? ಮುತ್ತು ತಾನಾಗೇ ಕೊರಳಿಗೆ ಬೀಳಲ್ಲ. ಒಬ್ಬ ಪೂಜಾರಿಯೋ, ಪೂಜಾರಿಯ ಜಾಗದಲ್ಲಿ ಕೂತ ಇನ್ನೊಬ್ಬರೋ ಕಟ್ಟಿದ್ದು. 1982ರಲ್ಲಿ ಕರ್ನಾಟಕ ದೇವದಾಸಿ ನಿಷೇಧ ಕಾಯ್ದೆ ಬಂತು, ಅದರಲ್ಲಿ ವಿಧಿ ನಡೆಸಿಕೊಟ್ಟವನೂ ಅಪರಾಧಿ. ಆದರೂ ಕದ್ದು ಮುಚ್ಚಿ ನಡೀತು. ಅದನ್ನು ತಡೆಯೋಕೆ ಎದ್ದವರು ಸ್ವತಃ ಆ ಬದುಕಿನಿಂದ ಹೊರಗೆ ಬಂದ ಹೆಣ್ಣುಮಕ್ಕಳು. ಘಟಪ್ರಭಾದಲ್ಲಿ ಕಚೇರಿ ಮಾಡಿಕೊಂಡ 'ಮಾಸ್', ಅಂದ್ರೆ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, 1997ರಿಂದ ಈ ಕೆಲಸ ಮಾಡ್ತಿದೆ. ಗುಡಿ ಕಟ್ಟೆ ಹತ್ತಿ ಪೂಜಾರಿಗೇ ಪ್ರಶ್ನೆ ಕೇಳಿದ ಹೆಂಗಸರು ಇವರು. ಪೂಜಾರಿಗೆ ಊರ ಮೇಲೆ ಹಿಡಿತ ಇದೆ ಅನ್ನೋದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷಿ ಬೇಡ. ಮುತ್ತು ಕಟ್ಟಿಸುವಷ್ಟು ಮಾತು ನಡೆಯುತ್ತೆ ಅಂದ್ರೆ, ಕಲ್ಲು ಕೆಳಗೆ ಇಡಿಸುವಷ್ಟೂ ನಡೀಬೇಕು. ದಲಿತರು ಗುಡಿ ಮೆಟ್ಟಿಲು ಹತ್ತುವ ವಿಷಯದಲ್ಲೂ ಇದೇ ಮಾತು. ಒಳಗಿನವನು ಬಾಗಿಲು ಪೂರ್ತಿ ತೆರೆದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಮಸೀದಿಗೆ ಕೈ ಮುಗಿಯುವ ಊರು ತನ್ನದೇ ಕೇರಿಯವರನ್ನು ಹೊರಗೆ ನಿಲ್ಲಿಸಿದರೆ ಆ ಸೌಹಾರ್ದ ಅರ್ಧಂಬರ್ಧ.

ಎರಡು ಘಟನೆ ಹೇಳಿ ನನ್ನ ವಾದಕ್ಕೆ ಬರ್ತೀನಿ.

ಒಂದು, 2023ರ ಜುಲೈ. ಹುಕ್ಕೇರಿಯ ಪಕ್ಕದ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯಲ್ಲಿ ಜೈನ ಮುನಿ ಕಾಮಕುಮಾರ ನಂದಿ ಮಹಾರಾಜರ ಕೊಲೆ. ದೇಹ ಸಿಕ್ಕಿದ್ದು ರಾಯಬಾಗ ತಾಲೂಕಿನ ಒಂದು ಕೊಳವೆಬಾವಿಯಲ್ಲಿ. ಬಂಧನವಾಗಿದ್ದು ಇಬ್ಬರು. ಸಾಲದ ಹಣದ ವಿಷಯ ಅಂತ ಪೊಲೀಸರು ಹೇಳಿದರು. ಬಂಧಿತರಲ್ಲಿ ಒಬ್ಬ ಹಿಂದೂ, ಒಬ್ಬ ಮುಸ್ಲಿಂ. ಆಮೇಲೆ ಎರಡು ದಿನ ಸ್ಟುಡಿಯೋಗಳಲ್ಲಿ ನಡೆದ ಚರ್ಚೆ ಕೊಲೆಯ ಬಗ್ಗೆ ಅಲ್ಲ, ಎರಡನೇ ಹೆಸರಿನ ಬಗ್ಗೆ. ಯಾಕೆ ಹೆಸರು ಹೇಳ್ತಿಲ್ಲ, ಯಾಕೆ ಮುಚ್ಚಿಡ್ತಿದ್ದಾರೆ ಅಂತ. ಅದೇ ಹೊತ್ತಿಗೆ ಹುಬ್ಬಳ್ಳಿ ಹತ್ತಿರ ವರೂರಿನಲ್ಲಿ ಗುಣಧರನಂದಿ ಮಹಾರಾಜರು ಉಪವಾಸ ಕೂತರು. ಅವರು ಕೇಳಿದ್ದು ಮುನಿಗಳಿಗೆ ರಕ್ಷಣೆ. ಗೃಹ ಸಚಿವರು ಹೋಗಿ ಭರವಸೆ ಕೊಟ್ಟ ಮೇಲೆ ಉಪವಾಸ ಬಿಟ್ಟರು. ತಮ್ಮವರನ್ನೇ ಕಳೆದುಕೊಂಡ ಒಬ್ಬ ಮುನಿ ಸರ್ಕಾರದ ಹತ್ತಿರ ಕೇಳಬೇಕಾದ್ದನ್ನು ಕೇಳಿದರು. ನಾಡಿಗೆ ಬೆಂಕಿ ಹತ್ತಲಿಲ್ಲ. ಬೆಂಕಿ ಹತ್ತದೇ ಇದ್ದದ್ದು ಯಾವ ಚಾನಲ್‌ನಲ್ಲೂ ಹೆಡ್‌ಲೈನ್ ಆಗಲಿಲ್ಲ, ಬಿಡಿ.

ಇನ್ನೊಂದು 2025ರದ್ದು. ಆ ವರ್ಷದ ಜುಲೈನಲ್ಲಿ ಸವದತ್ತಿ ತಾಲೂಕಿನ ಹೂಲಿಕಟ್ಟಿಯ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕುಡಿಯುವ ನೀರಿನ ಟ್ಯಾಂಕಿಗೆ ವಿಷ ಬೆರೆಸಿದರು. ಮಕ್ಕಳು ಅಸ್ವಸ್ಥರಾದರು, ದೇವರ ದಯ, ಯಾರ ಜೀವವೂ ಹೋಗಲಿಲ್ಲ. ತನಿಖೆ ಮಾಡಿದ ಪೊಲೀಸರು ಮೂವರನ್ನು ಹಿಡಿದರು. ಅವರು ಹೇಳಿದ ಕಾರಣ ಕೇಳಿ: ಶಾಲೆಯ ಹೆಡ್‌ಮಾಸ್ತರು ಮುಸ್ಲಿಂ, ಅವರನ್ನು ಅಲ್ಲಿಂದ ಎತ್ತಂಗಡಿ ಮಾಡಿಸಬೇಕಿತ್ತು. ಬಂಧಿತರಲ್ಲಿ ಒಬ್ಬ ಸಂಘಟನೆಯೊಂದರ ತಾಲೂಕು ಅಧ್ಯಕ್ಷ. ಆ ಹೆಡ್‌ಮಾಸ್ತರು ಅದೇ ಶಾಲೆಯಲ್ಲಿ ಹದಿಮೂರು ವರ್ಷದಿಂದ ಮಕ್ಕಳಿಗೆ ಅಕ್ಷರ ಕಲಿಸಿದವರು. ವಿಷ ಕುಡಿದದ್ದು ಮಾಸ್ತರಲ್ಲ, ಊರಿನದೇ ಮಕ್ಕಳು.

ಹಿರೇಬಿದನೂರ ಮತ್ತು ಹೂಲಿಕಟ್ಟಿ, ಎರಡೂ ಒಂದೇ ತಾಲೂಕು. ಒಂದೇ ಮಣ್ಣು, ಒಂದೇ ಭಾಷೆ, ಹತ್ತಿರದಲ್ಲೇ ಅದೇ ಯಲ್ಲಮ್ಮನ ಗುಡ್ಡ. ಒಂದೂರಲ್ಲಿ ಮುಸ್ಲಿಮರೇ ಇಲ್ಲದಿದ್ದರೂ ಮಸೀದಿ ದೀಪ ಆರಿಸಿಲ್ಲ. ಇನ್ನೊಂದೂರಲ್ಲಿ ಇದ್ದೊಬ್ಬ ಮುಸ್ಲಿಂ ಮಾಸ್ತರನ್ನು ಓಡಿಸೋಕೆ ಮಕ್ಕಳ ನೀರಿಗೇ ಕೈ ಹಾಕಿದರು. ಹೀಗಾಗಿ 'ನಮ್ಮ ಉತ್ತರ ಕರ್ನಾಟಕ ಸೌಹಾರ್ದದ ನೆಲ, ಇಲ್ಲೇನೂ ಆಗಲ್ಲ' ಅನ್ನೋ ಮಾತನ್ನು ನಾನು ಇನ್ನು ನಂಬಲ್ಲ. ನೆಲಕ್ಕೆ ಅಂಥ ಗುಣ ಇಲ್ಲ. ಯಾರೋ ದಿನಾ ದೀಪ ಹಚ್ಚಿದ್ದಕ್ಕೆ ಅಲ್ಲಿ ಹಾಗಾಯ್ತು, ಅಷ್ಟೇ.

ಸ್ವಾಮೀಜಿಗಳ ಬಗ್ಗೆ ಒಂದು ಮಾತು. ಈ ಮೂರು ತಾಲೂಕಿನಲ್ಲಿ ಯಾವ ರಾಜಕೀಯ ಕಾರ್ಯಕ್ರಮಕ್ಕೆ ಹೋದರೂ ವೇದಿಕೆಯ ನಡುವಿನ ದೊಡ್ಡ ಕುರ್ಚಿ ಸ್ವಾಮೀಜಿಗೆ. ಆಚೆ ಈಚೆ ಶಾಸಕರು. ಅದೇ ಊರ ಮಸೀದಿಯ ಉದ್ಘಾಟನೆಗೂ, ಉರುಸಿನ ಸಭೆಗೂ ಸ್ವಾಮೀಜಿ ಹೋಗ್ತಾರೆ, ಮೌಲ್ವಿಗೆ ಶಾಲು ಹೊದಿಸ್ತಾರೆ. ಒಳ್ಳೆಯದೇ. ಇದನ್ನು ರಾಜ್ಯಮಟ್ಟದಲ್ಲಿ ಗಟ್ಟಿಯಾಗಿ ಮಾಡಿದವರು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ. 2001ರ ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿ ಅವರಿಗೆ ಬಂತು. 2018ರಲ್ಲಿ ಅವರು ಲಿಂಗೈಕ್ಯರಾದಾಗ ಕಣ್ಣೀರು ಹಾಕಿದವರಲ್ಲಿ ಎಲ್ಲ ಧರ್ಮದವರೂ ಇದ್ದರು. ಆದರೆ ಶಾಲು ಹೊದಿಸಿದ ಫೋಟೋ ಮತ್ತು ಗಲಾಟೆ ರಾತ್ರಿ ಓಣಿಯಲ್ಲಿ ನಿಲ್ಲೋದು, ಇವೆರಡೂ ಬೇರೆ ಬೇರೆ ಕೆಲಸ. ಮೊದಲನೆಯದಕ್ಕೆ ಕ್ಯಾಮೆರಾ ಬರುತ್ತೆ. ಎರಡನೆಯದಕ್ಕೆ ಬರುವ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ.

ಇದಕ್ಕೆ ಇನ್ನೊಂದು ಬದಿಯೂ ಇದೆ. ಇದೇ ನೆಲದ ಸತೀಶ ಜಾರಕಿಹೊಳಿ ಅವರ ಮಾನವ ಬಂಧುತ್ವ ವೇದಿಕೆ ಡಿಸೆಂಬರ್ 6ಕ್ಕೆ ಬೆಳಗಾವಿಯ ಸ್ಮಶಾನದಲ್ಲಿ ಊಟ ಹಾಕಿ ಕಾರ್ಯಕ್ರಮ ಮಾಡುತ್ತೆ. ಪೂಜಾರಿಯೂ ಬೇಡ, ಮುಲ್ಲಾನೂ ಬೇಡ, ವಿಚಾರ ಸಾಕು ಅನ್ನುವ ದಾರಿ ಅದು. ಆ ದಾರಿಗೆ ನನ್ನ ತಕರಾರಿಲ್ಲ. ಆದರೆ ನೂರಕ್ಕೆ ತೊಂಬತ್ತು ಮನೆಗಳಲ್ಲಿ ಮಗುವಿಗೆ ಜ್ವರ ಬಂದರೆ ಇವತ್ತಿಗೂ ಮೊದಲು ಅಂಗಾರ, ಆಮೇಲೆ ಡಾಕ್ಟರು. ಆ ಅಂಗಾರ ಕೊಡುವ ಕೈಯನ್ನು ಬಿಟ್ಟು ಊರಿನ ಶಾಂತಿಯ ಮಾತಾಡೋಕೆ ಆಗಲ್ಲ.

2021ರ ಜೂನ್‌ನಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ರಾಜ್ಯ ಸರ್ಕಾರ ಒಂದು ಪ್ಯಾಕೇಜ್ ಘೋಷಿಸಿತು. 'ಸಿ' ದರ್ಜೆ ಗುಡಿಗಳ ಅರ್ಚಕರು, ಅಡುಗೆಯವರು, ಮಸೀದಿಯ ಪೇಶ್ ಇಮಾಂ, ಮುಅಜ್ಜಿನ್, ಎಲ್ಲರಿಗೂ ತಲಾ 3 ಸಾವಿರ. ಕೊಟ್ಟ ಕೂಡಲೇ ಯಾರ ಹಣ ಯಾರಿಗೆ ಹೋಯ್ತು ಅಂತ ಜಗಳ ಶುರುವಾಯ್ತು. ಆದರೆ ಆ ಆದೇಶದ ಸಾಲನ್ನು ನಾನು ಬೇರೆ ರೀತಿ ಓದ್ತೀನಿ. ಈ ಇಬ್ಬರದೂ ಒಂದೇ ವರ್ಗ ಅಂತ ಸರ್ಕಾರಕ್ಕೆ ಒಂದು ತಿಂಗಳ ಮಟ್ಟಿಗಾದರೂ ಕಂಡಿತ್ತು: ದಿನಾ ಬಾಗಿಲು ತೆರೆಯಬೇಕು, ಸಂಬಳ ಇಲ್ಲ, ಊರಿನ ದೊಡ್ಡವರು ಸಿಟ್ಟಾದರೆ ಕೆಲಸ ಇಲ್ಲ. ಇಂಥವನು ಗಲಾಟೆ ಮಾಡುವವರ ಎದುರು ನಿಂತು 'ಬ್ಯಾಡ್ರೋ ತಮ್ಮಾ' ಅನ್ನಬೇಕು ಅಂತ ನಾವು ನಿರೀಕ್ಷೆ ಮಾಡ್ತೀವಿ. ದಿನಕ್ಕೆ 200 ರೂಪಾಯಿಯ ಬಲದ ಮೇಲೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ, ಮೂರೇ ಮಾತು. ಗೋಕಾಕ, ಮೂಡಲಗಿ, ಹುಕ್ಕೇರಿ ಠಾಣೆಗಳ ಶಾಂತಿ ಸಭೆಯ ಪಟ್ಟಿಗೆ ಪ್ರತಿ ಓಣಿಯ ಗುಡಿ ಪೂಜಾರಿ ಮತ್ತು ಮಸೀದಿಯ ಮುಲ್ಲಾ ಹೆಸರು ಸೇರಿಸಿ, ಅವರನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಬೇಡಿ, ಕುರ್ಚಿ ಕೊಡಿ. ಸಭೆಯನ್ನು ಹಬ್ಬಕ್ಕೆ ಮೂರು ದಿನ ಇರುವಾಗಲ್ಲ, ಯುಗಾದಿಗೆ ಹೊಸ ಪಂಚಾಂಗ ಓದುವಾಗಲೇ ಕರೆಯಿರಿ. ಇಡೀ ವರ್ಷದ ಹಬ್ಬಗಳ ಜೋಡಿ ಅಲ್ಲೇ ಕಾಣುತ್ತೆ. ಆ ದಿನಗಳ ಪಟ್ಟಿಯನ್ನು ಗುಡಿ ಗೋಡೆಗೂ ಮಸೀದಿ ಗೋಡೆಗೂ ಒಂದೇ ಕಾಗದದಲ್ಲಿ ಅಂಟಿಸಿ. ಖರ್ಚು? ಒಂದು ಜೆರಾಕ್ಸ್.

ಮೂಡಲಗಿಯಿಂದ, ಹುಕ್ಕೇರಿಯಿಂದ ಈ ಕಾರ್ಯಕ್ರಮ ನೋಡ್ತಿರುವ ವೀಕ್ಷಕರು ನಿಮ್ಮ ಓಣಿಯಲ್ಲಿ ಹೀಗೆ ಕೂತು ದಿನ ಗೊತ್ತು ಮಾಡುವ ರೂಢಿ ಇದ್ದರೆ ನಮಗೆ ಬರೀರಿ. 2026ರ ಅಧಿಕ ಮಾಸ ಮೇ 17ಕ್ಕೆ ಶುರು. ಅದಕ್ಕೂ ಮೊದಲು ಯುಗಾದಿ, ಮಾರ್ಚ್‌ನಲ್ಲಿ. ಈಗ ಒಂದು ಬ್ರೇಕ್.